ಕಲ್ಲುಕುಟಿಗರ ಶಾಲೆಯ ಹೆಸರು ಕೆತ್ತಿ ತೆಗೆದವರು ಯಾರು?

ಬೆಳ್ಳಂಬೆಳಗ್ಗೆ ಕಮಲಾಪುರದ ಕಲ್ಲುಕುಟಿಗರ ಶಾಲೆಯ ಮುಂದೆ ಜನ ಬಾಯಿ ಮೇಲೆ ಕೈಯಿಟ್ಟು ನಿಂತಿದ್ದರು. ಗೋಡೆಯಲ್ಲಿ ಕಲ್ಲಿತ್ತು, ಅದರ ಮೇಲಿನ ಹೆಸರಿರಲಿಲ್ಲ. ಯಾವ ಪುಣ್ಯಾತ್ಮನೋ ಒಂದಕ್ಷರ ಬಿಡದೆ ಉಳಿಯಿಂದ ಕೆತ್ತಿ ತೆಗೆದಿದ್ದ!

ಹಗಲೆಲ್ಲ ಕಂಡವರ ಕಲ್ಲು ಒಡೆದು, ಸಂಜೆ ತಮ್ಮ ಮಕ್ಕಳಿಗಾಗಿ ಈ ಗೋಡೆ ಎಬ್ಬಿಸಿದ ಓಣಿಯ ಹೆಸರದು. ಶಾಲೆಯ ಹೆಸರು ಬದಲಿಸಬೇಕೇ ಎಂದು ತೀರ್ಮಾನಿಸಲು ಕಲಬುರಗಿಯಿಂದ ಅಧಿಕಾರಿಗಳು ಮಧ್ಯಾಹ್ನ ಬರುವವರಿದ್ದರು. ಶಾಲೆ ತಾವು ಕಟ್ಟಿದ್ದೆಂದು ತೋರಿಸಲು ಓಣಿಗಿದ್ದ ಸಾಕ್ಷಿ ಆ ಕಲ್ಲೊಂದೇ.

ಇನ್‌ಸ್ಪೆಕ್ಟರ್ ಸುಮಂಗಲಾ ಅದೇ ಓಣಿಯ ಮಗಳು, ಅದೇ ಶಾಲೆಯಲ್ಲಿ ಕಲಿತವಳು. ಹೆಸರು ಉಳಿಸಲು ಕಚೇರಿ ಕಚೇರಿ ಅಲೆದಿದ್ದ ಮುದುಕ ಮಾಪಣ್ಣ ಕಾಕಾ ಶಾಲೆಯ ಕಟ್ಟೆಯ ಮೇಲೆ ಕೂತಿದ್ದ.

ಎಲ್ಲರ ಬೆರಳು ಸಾಹುಕಾರ ಕಲ್ಯಾಣಪ್ಪನ ಕಡೆ. ಶಾಲೆಗೆ ತನ್ನ ತಂದೆಯ ಹೆಸರಿಡಿಸಲು ಹೊರಟವನು ಅವನೇ ತಾನೆ? ಕರೆಸಿ ಕೇಳಿದರೆ, ರಾತ್ರಿ ಕಲಬುರಗಿಯಲ್ಲಿ ಮಗಳ ಮನೆಯಲ್ಲಿದ್ದೆನೆಂದು ಆಣೆ ಹಾಕಿದ.

"ಹೆಸರು ಬದಲಿ ಮಾಡ್ರಿ ಅಂದದ್ದು ಖರೆ ಅದರಿ. ಕಳ್ಳತನದಾಗ ಮಾಡೋ ಮನಷ್ಯಾ ನಾನಲ್ಲ."

ಸುಮಂಗಲಾ ಮತ್ತೆ ಕಲ್ಲಿನ ಬಳಿ ಬಂದಳು. ಮೂಲೆಯಲ್ಲಿ ಕುಂಕುಮ. ಯಾರೋ ಮರುಗಿ ಬೆಳಿಗ್ಗೆ ಪೂಜೆ ಮಾಡಿರಬೇಕೆಂದು ಹೆಂಗಸರು ಹೇಳಿದರು. ಅವಳು ಬೆರಳಾಡಿಸಿದಳು — ಕುಂಕುಮದ ಮೇಲೆ ಕಲ್ಲಿನ ಪುಡಿ! ಅಂದರೆ ಪೂಜೆ ಮೊದಲು, ಪೆಟ್ಟು ಆಮೇಲೆ.

ಸೀದಾ ಹೋಗಿ ಮಾಪಣ್ಣನ ಪಕ್ಕ ಕೂತಳು.

"ಕಾಕಾ, ಕಲ್ಲಿಗೆ ಕುಂಕುಮ ಹಚ್ಚಿ, ತಪ್ಪಾಯ್ತು ಅಂತ ಕೈಮುಗದ ಮ್ಯಾಲೇ ಉಳಿ ಹಚ್ಚೋದು ನಮ್ಮ ಓಣಿ ಪದ್ಧತಿ. ಹೊರಗಿನ ಕಳ್ಳಗ ಅದು ಗೊತ್ತಿಲ್ಲ. ಓಣ್ಯಾಗ ಈಗ ಉಳಿ ಹಿಡಿಯೋರು ನೀ ಒಬ್ಬನೇ ಉಳಿದೀ."

ಜನ ದಂಗಾದರು. ಮುದುಕ ತಲೆ ಎತ್ತಲಿಲ್ಲ.

"ಹೌದವ್ವ, ನಾನೇ. ಕಲಬುರಗಿ ಹಾಸ್ಟೆಲ್‌ನ್ಯಾಗ ಮೊಮ್ಮಗಳಿಗಿ ಕಲ್ಲು ಕುಟ್ಟೋರ ಸಾಲಿಯಾಕಿ ಅಂತ ಆಡ್ಕೋತಾರ. ಫೋನ್‌ನ್ಯಾಗ ಅತ್ತಳು. ನಮ್ಮಪ್ಪ ಕೆತ್ತಿದ್ದು ಅಂತ ಆ ಹೆಸರು ಇಟ್ಕೊಂಡು, ಕೂಸಿನ ಕಣ್ಣೀರು ಹ್ಯಾಂಗ ನೋಡ್ಲಿ?"

ಅಪರಾಧಿ ಸಿಕ್ಕಿದ್ದ. ಅಷ್ಟರಲ್ಲಿ ಕಲಬುರಗಿ ಬಸ್ಸು ಬಂದು ನಿಂತಿತು. ಹಾಸ್ಟೆಲಿನ ಹುಡುಗಿಯರನ್ನು ಕರೆದುಕೊಂಡು ಮಾಪಣ್ಣನ ಮೊಮ್ಮಗಳು ನಗುನಗುತ್ತ ಇಳಿದು ಬಂದಳು.

"ಮುತ್ಯಾ, ಆಡ್ಕೊಂಡೋರನ್ನೇ ಕರ್ಕೊಂಡು ಬಂದೀನಿ. ನಿಮ್ಮಪ್ಪ ಕೆತ್ತಿದ ಹೆಸರು ಇವರಿಗಿ ತೋರಸು."