ಅರ್ಧ ಸ್ವರ ಕೆಳಗೆ

"ಹಾಡನ್ನ ಅರ್ಧ ಸ್ವರ ಕೆಳಗೆ ನುಡಿಸಿದ್ರಲ್ಲ, ಯಾಕೆ?"

ವಿಭಾಗದ ಮುಖ್ಯಸ್ಥೆ ತುಂಬಿದ ತರಗತಿಯಲ್ಲಿ ಹೀಗೆ ಕೇಳಿದಾಗ, ಪಿಯಾನೋ ಮುಂದೆ ಕೂತಿದ್ದವಳು ಕೈ ಹಿಂದಕ್ಕೆಳೆದುಕೊಂಡಳು.

ಅವಳು ಆ ವಿಶ್ವವಿದ್ಯಾಲಯದಲ್ಲಿ ಸಂಗೀತ ಕಲಿಸುತ್ತಿದ್ದಳು. ಹಾಡುವವರ ಜೊತೆ ಪಿಯಾನೋ ನುಡಿಸುವುದು ಅವಳಿಗೆ ಅದಕ್ಕಿಂತ ಪ್ರೀತಿಯ ಕೆಲಸ. ಈಗಷ್ಟೇ ತರಗತಿಯ ಮುಂದೆ ಹಾಡಿ ನಿಂತಿದ್ದ ಗಾಯಕನಿಗೆ ಹಲವು ವರ್ಷಗಳಿಂದ ಅವಳೇ ಜೊತೆ. ಮುಖ್ಯಸ್ಥೆ ಅವನ ಸ್ವಂತ ಅಕ್ಕ. ಆ ಅಕ್ಕನ ಕಿವಿ ಬಲು ಚುರುಕು.

ಕಳೆದ ವರ್ಷ ಅವನ ಮೇಲಿನ ಸ್ವರಗಳು ಒಡೆಯತೊಡಗಿದ್ದವು. ಅದನ್ನು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಒಂದು ದಿನ ಸದ್ದಿಲ್ಲದೆ ಇಡೀ ಹಾಡಿನ ಶ್ರುತಿ ಇಳಿಸಿ ನುಡಿಸಿದಳು. ಅವನು ಸಲೀಸಾಗಿ ಹಾಡಿ ಮುಗಿಸಿ, ಹುಬ್ಬು ಕುಣಿಸಿ ನಕ್ಕ. ಆ ನಗುವಿಗೆ ಸೋತು ಮುಂದಿನ ಸಲವೂ ಹಾಗೇ ಇಳಿಸಿದಳು. ಆಮೇಲೆ ಅದೇ ರೂಢಿಯಾಯಿತು.

ಈಗ ಅವನ ಮುಖ ಬಿಳಿಚಿತ್ತು. ಕೋಟು ಎತ್ತಿಕೊಂಡು ಹೊರನಡೆದ. ಅವನ ಹಿಂದೆಯೇ ಅಕ್ಕನೂ ಹೋದಳು.

ಪಾಠವನ್ನು ಹೇಗೆ ಮುಗಿಸಿದಳೋ ಅವಳಿಗೇ ತಿಳಿಯದು. ಅಭ್ಯಾಸದ ಕೋಣೆಯ ಬಾಗಿಲು ತಳ್ಳಿದರೆ, ಅವಳು ಕೂರುವ ಪುಟ್ಟ ಬೆಂಚಿನ ಮೇಲೆ ಅವನು ಕೂತಿದ್ದ.

ಅವಳು ತಡವರಿಸುತ್ತಲೇ ಕ್ಷಮೆ ಕೇಳಿದಳು. ಕಂಠ ನಿಮ್ಮದು, ನಿಮ್ಮನ್ನು ಕೇಳದೆ ಶ್ರುತಿ ಇಳಿಸಬಾರದಿತ್ತು ಎಂದಳು. ಇನ್ನು ಮುಂದೆ ಬೇರೆ ಪಿಯಾನೋದವರನ್ನು ಕರೆಸಿಕೊಳ್ಳಿ ಎಂದೂ ಹೇಳಿದಳು.

"ನಂಗೆ ಮೊದಲ ದಿನಾನೇ ಗೊತ್ತಾಗಿತ್ತು ಕಣ್ರೀ."

ಅವಳು ಬಾಗಿಲು ಮುಚ್ಚಿ ಒಳಬಂದಳು. ಪಿಯಾನೋದ ಅಂಚು ಹಿಡಿದು ನಿಂತಳು.

ಅವನು ಮೆಲ್ಲಗೆ ಹೇಳತೊಡಗಿದ. ಕಂಠ ಮೊದಲಿನಂತೆ ಆಗುವುದಿಲ್ಲವೆಂದು ಡಾಕ್ಟರು ಆಗಲೇ ಹೇಳಿದ್ದರಂತೆ. ಹಾಡುವುದನ್ನು ಬಿಡುತ್ತೇನೆಂದು ತಿಳಿಸಲೆಂದೇ, ಅವಳು ಶ್ರುತಿ ಇಳಿಸಿದ ಆ ಮೊದಲ ದಿನ ಬಂದಿದ್ದನಂತೆ. ಕೊನೆಯ ಸಲ ಎಂದುಕೊಂಡು ಹಾಡಲು ನಿಂತರೆ, ಎಟುಕದ ಸ್ವರ ತಾನಾಗಿ ಎಟುಕಿತು. ತನಗಾಗಿ ಯಾರು ಸ್ವರ ತಗ್ಗಿಸಿದರೆಂದು ಆಗಲೇ ಅರ್ಥವಾಯಿತು. ಬಾಯಿಬಿಟ್ಟರೆ ಈ ಕೋಣೆಗೆ ಬರಲು ನೆಪವೇ ಇರುವುದಿಲ್ಲವೆಂದು, ಕಿವುಡನಂತೆ ಇದ್ದುಬಿಟ್ಟ.

"ಹಾಗಾದ್ರೆ ಇವತ್ತು ಯಾಕೆ ಎದ್ದು ಹೋದ್ರಿ?" ಅವಳು ಕೇಳಿದಳು.

"ಅಕ್ಕ ನನ್ನ ಮುಖ ನೋಡಿದ್ರೆ ಸಾಕು, ಎಲ್ಲಾ ಗೊತ್ತಾಗಿಬಿಡುತ್ತೆ. ಅದಕ್ಕೇ ಓಡಿದೆ. ಬಿಡ್ತಾಳಾ? ಕಾರಿಡಾರಲ್ಲೇ ಹಿಡ್ಕೊಂಡು ಬೈದ್ಲು. ಇಬ್ರೂ ಸೇರಿ ಇನ್ನೆಷ್ಟು ದಿನ ಈ ಕಣ್ಣಾಮುಚ್ಚಾಲೆ ಅಂತ." ಅವನು ತಲೆ ತಗ್ಗಿಸಿದ. "ಹಾಡೋದನ್ನ ನಿಲ್ಲಿಸ್ತೀನಿ. ಇಲ್ಲಿಗೆ ಬರೋದನ್ನ ನಿಲ್ಲಿಸೋಕಾಗಲ್ಲ. ಏನ್ ಮಾಡ್ಲಿ, ನೀವೇ ಹೇಳಿ."

ಹಾಡುವವರು ಉಸಿರೆಳೆದುಕೊಳ್ಳುವವರೆಗೆ ಕಾಯುವುದೇ ಅವಳ ಜೀವಮಾನದ ಕಸುಬಾಗಿತ್ತು. ಈ ಸಲ ಕಾಯಲಿಲ್ಲ.

"ನನ್ನ ಮನೆಗೆ ಬನ್ನಿ," ಎಂದಳು. "ಬಂದ್ಮೇಲೆ ವಾಪಸ್ ಹೋಗ್ಬೇಡಿ."

ಹೇಳಿದ್ದು ತಾನೇನಾ ಎಂದು ಅವಳೇ ಬೆಚ್ಚಿದಳು. ಅವನು ಒಬ್ಬರಿಗಷ್ಟೇ ಸಾಲುವ ಆ ಬೆಂಚಿನ ತುದಿಗೆ ಸರಿದು, ಪಕ್ಕದಲ್ಲಿ ಜಾಗ ಮಾಡಿಕೊಟ್ಟ.