ಅಕ್ಕನ ಕೈಪಟ್ಟಿ

ಅಕ್ಕ ಆಸ್ಪತ್ರೆಯ ಔಷಧ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿನ ಕಪಾಟಿಗೆ ಕೀಲಿಕೈಯೂ ಇರಲಿಲ್ಲ, ಪಾಸ್‌ವರ್ಡೂ ಇರಲಿಲ್ಲ. ಅವಳ ಮಣಿಕಟ್ಟಿನ ಪಟ್ಟಿ ನಾಡಿಮಿಡಿತವನ್ನು ಗುರುತು ಹಿಡಿದರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಅವಳು ತೀರಿಹೋದಾಗ ನಾನಿನ್ನೂ ದಾರಿಯಲ್ಲಿದ್ದೆ. ಕೊನೆಯ ಮಾತಿಗೂ ಸಿಗಲಿಲ್ಲ.

ಮೂರು ವಾರದ ನಂತರ, ಒಂದು ಮಧ್ಯಾಹ್ನ, ಪಟ್ಟಿಯನ್ನು ಹಿಂದಿರುಗಿಸಲು ಹೋದೆ. ಅವಳ ಜೊತೆಗಿದ್ದ ಹಿರಿಯ ಫಾರ್ಮಸಿಸ್ಟ್ "ಬಾಪ್ಪಾ, ಕೂತ್ಕೋ" ಎಂದು ಕುರ್ಚಿ ಎಳೆದರು. ಪಟ್ಟಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟೆ. ಬೆಚ್ಚಗಿತ್ತು. ಎಷ್ಟು ಹೊತ್ತಾದರೂ ಆರಲಿಲ್ಲ.

ಕಪಾಟು ಟಕ್ಕೆಂದು ತೆರೆದುಕೊಂಡಿತು.

"ಕಪಾಟಿನಿಂದ ಅವಳ ಗುರುತು ಅಳಿಸಿ ಹದಿನೈದು ದಿನ ಆಯ್ತಲ್ಲಪ್ಪಾ, ನಾನೇ ಅಳಿಸಿದ್ದು" ಎಂದರು ಮೆಲ್ಲಗೆ.

ಕಪಾಟಿನ ಪರದೆಯ ಮೇಲೆ ಅಕ್ಕನ ಹೆಸರಿತ್ತು. ಕೆಳಗೆ ಮಿಡಿತದ ಲೆಕ್ಕ: ಎಪ್ಪತ್ತು, ಅರವತ್ತು, ನಲವತ್ತೆಂಟು. ಇಳಿಯುತ್ತಲೇ ಇತ್ತು. ನಾನು ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಬಂದೆ ಕಣೇ ಅಕ್ಕಾ, ಇಲ್ಲೇ ಇದೀನಿ."

ಸಂಖ್ಯೆ ನಲವತ್ತರಲ್ಲಿ ನಿಂತಿತು. ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಪರದೆ ಆರಿತು, ಕಪಾಟು ತಾನಾಗಿ ಮುಚ್ಚಿಕೊಂಡಿತು, ನನ್ನ ಅಂಗೈ ತಣ್ಣಗಾಯಿತು.

ಆ ದಿನದ ದಾಖಲೆಯಲ್ಲಿ ಕಪಾಟು ತೆರೆದವರ ಹೆಸರು ಅಕ್ಕನದೇ ಇದೆ. ಅದನ್ನು ತಿದ್ದಲು ಆ ಹಿರಿಯ ಫಾರ್ಮಸಿಸ್ಟ್ ಒಪ್ಪಲಿಲ್ಲ.