ಐನೂರ ಎಂಬತ್ತೇಳನೇ ಬಾಗಿಲು

"ಇನ್ನೊಂದ್ಸಲ ಒತ್ತು," ಅಂದರು ರುದ್ರಮೂರ್ತಿ ಸರ್.

ಬೃಂದಾ ಒತ್ತಿದಳು. ಪರದೆಯ ಮೇಲೆ ಗುಂಡಗಿನ ಗೆರೆಯೊಂದು ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಆರನೇ ಕ್ಲಾಸಿನ ಮಕ್ಕಳೆಲ್ಲ ಉಸಿರು ಬಿಗಿಹಿಡಿದು ನೋಡಿದರು. ಕೊನೆಗೆ ನಿನ್ನೆ ಬಂದಿದ್ದ ಕೆಂಪು ಅಕ್ಷರಗಳೇ ಇವತ್ತೂ ಬಂದವು. ಮೇಲ್ ಹೋಗಲಿಲ್ಲ.

"ಹನ್ನೊಂದನೇ ಸಲ," ಅಂದ ಮಹೇಂದ್ರ. ಲೆಕ್ಕ ಇಡುವುದೆಂದರೆ ಅವನಿಗೆ ಬಲು ಇಷ್ಟ, ಗಣಿತದ ಪೀರಿಯಡ್ ಒಂದನ್ನು ಬಿಟ್ಟು.

ಹಿಂದಿನ ಬೆಂಚಿನಲ್ಲಿದ್ದ ಹೇಮಶ್ರೀ ತುಟಿ ಕಚ್ಚಿಕೊಂಡಳು. ಪಾಪ ಅನ್ನಿಸಿ ಅಲ್ಲ, ನಗು ಕಾಣಿಸದಿರಲಿ ಅಂತ.

ಸುತ್ತು ಬಳಸಿ ಹೇಳುವುದೇಕೆ, ಹೇಮಶ್ರೀಗೆ ಬೃಂದಾಳನ್ನು ಕಂಡರೆ ಹೊಟ್ಟೆಕಿಚ್ಚು. ಹೋದ ವರ್ಷವೆಲ್ಲ ಕಂಪ್ಯೂಟರ್ ಲ್ಯಾಬಿನ ಲೀಡರ್ ಹೇಮಶ್ರೀಯೇ. ಲ್ಯಾಬಿನ ಕೀ ಅವಳ ಹತ್ತಿರವೇ ಇರುತ್ತಿತ್ತು. ಪ್ರಿಂಟರ್ ಮುಷ್ಕರ ಹೂಡಿದರೆ, ಮೌಸ್ ಸತ್ತರೆ, "ಹೇಮಾನ ಕರೀರಿ" ಅನ್ನುತ್ತಿದ್ದರು. ದೊಡ್ಡ ಕ್ಲಾಸಿನ ಹುಡುಗರೂ ಅವಳು ಬಂದು ಬೀಗ ತೆಗೆಯುವವರೆಗೆ ಅಜ್ಜಂಪುರದ ಬಿಸಿಲಿನಲ್ಲಿ ಸಾಲಾಗಿ ನಿಂತಿರುತ್ತಿದ್ದರು. ಅದರ ಸುಖವೇ ಬೇರೆ.

ಈ ಜೂನ್‌ನಲ್ಲಿ ಕಡೂರಿನಿಂದ ಬೃಂದಾ ಬಂದಳು. ಅವಳ ಅಮ್ಮ ನರ್ಸ್, ಅಜ್ಜಂಪುರಕ್ಕೆ ವರ್ಗವಾಗಿತ್ತು. ಬಂದವಳು ಸುಮ್ಮನೆ ಇರಬಾರದೇ? ಟೈಪಿಂಗಿನಲ್ಲಿ ಫಸ್ಟ್, ಪ್ರಶ್ನೆ ಕೇಳುವುದರಲ್ಲಿ ಫಸ್ಟ್. ಅಮೃತಮಹಲ್ ದನಗಳ ಬಗ್ಗೆ ಒಂದು ವರದಿ ಬೇರೆ ಬರೆದಳು. ದನ ಕಾಯುವವರ ಹಿಂದೆಯೇ ನಾಲ್ಕು ಭಾನುವಾರ ಸುತ್ತಿದ್ದಳಂತೆ. ಜಿಲ್ಲೆಯ ಮಕ್ಕಳ ವಿಜ್ಞಾನ ಮೇಳಕ್ಕೆ ಶಾಲೆಯಿಂದ ಒಂದೇ ವರದಿ ಕಳಿಸಬೇಕಿತ್ತು. ಸರ್ ಅವಳದನ್ನೇ ಆರಿಸಿದರು. ಹೇಮಶ್ರೀ ಕಷ್ಟಪಟ್ಟು ಬರೆದ ಪ್ಲಾಸ್ಟಿಕ್ ವರದಿ ಬೀರುವಿನಲ್ಲೇ ಉಳಿಯಿತು.

ಇದೆಲ್ಲ ಸಾಲದು ಅಂತ, ಬುಧವಾರ ಸರ್ ಲ್ಯಾಬಿನ ಕೀಯನ್ನೂ ಬೃಂದಾಳ ಕೈಗಿಟ್ಟರು.

ಮಾರನೇ ದಿನದಿಂದಲೇ ಮೇಲ್ ಹೋಗುತ್ತಿಲ್ಲ. ಬುಧವಾರ ಸಂಜೆ ಬೃಂದಾ ಮೇಲ್ ಪ್ರೋಗ್ರಾಮನ್ನು ಅಪ್‌ಡೇಟ್ ಮಾಡಿದ್ದಳು. ಅದರಿಂದಲೇ ಕೆಟ್ಟಿದೆ ಅಂತ ಎಲ್ಲರೂ ತೀರ್ಮಾನಿಸಿದರು. ಆಫೀಸಿನ ವಿಮಲಮ್ಮನಂತೂ, "ಅವ್ಳು ಕೀ ಮುಟ್ಟಿದ ದಿನಾನೇ ಕೆಟ್ಟೋಯ್ತು ನೋಡಿ ಸಾರ್. ಕೈಗುಣ ಕಣ್ರೀ, ಕೈಗುಣ," ಅಂದುಬಿಟ್ಟರು. ಆ ಮಾತು ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಶಾಲೆ ಸುತ್ತಿ ಬಂತು. ಮಹೇಂದ್ರ ತನ್ನ ಜಾಮಿಟ್ರಿ ಬಾಕ್ಸನ್ನು ಬೃಂದಾ ಮುಟ್ಟದ ಹಾಗೆ ಬ್ಯಾಗಿನೊಳಗೆ ಇಟ್ಟುಕೊಂಡ.

"ಸರ್, ನಾನು ಏನೂ ಕೆಡಿಸಿಲ್ಲ," ಅಂದಳು ಬೃಂದಾ. "ಗೋಡೆ ಮೇಲಿನ ಚೀಟೀಲಿರೋ ಥರಾನೇ ಎಲ್ಲಾ ಸೆಟ್ಟಿಂಗ್ ಇದೆ."

"ಕುಣಿಯೋಕೆ ಬರ್ದೇ ಇದ್ದೋಳು ನೆಲ ಡೊಂಕು ಅಂದ್ಲಂತೆ," ಅಂದ ಮಹೇಂದ್ರ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜಾಸ್ತಿ ನಕ್ಕವಳು ಹೇಮಶ್ರೀ.

ಬೃಂದಾ ಅದಕ್ಕೆ ಕಿವಿಗೊಡಲಿಲ್ಲ. "ಇನ್ನೊಂದು ವಿಚಿತ್ರ ಇದೆ ಸರ್. ಬರೋ ಮೇಲ್ ಬರ್ತಾ ಇದೆ. ಈಗ್ಲೇ ಎರಡು ಬಂದ್ವು. ಹೋಗೋದು ಮಾತ್ರ ಹೋಗ್ತಿಲ್ಲ."

ಹೇಮಶ್ರೀಯ ನಗು ಅಲ್ಲೇ ನಿಂತಿತು.

ಬರುವುದು ಬರುತ್ತಿದೆ. ಹೋಗುವುದು ಹೋಗುತ್ತಿಲ್ಲ. ಅವಳಿಗೆ ಬುಧವಾರ ನೆನಪಾಯಿತು.

ಅವತ್ತು ತರೀಕೆರೆಯಿಂದ ಇಂಟರ್‌ನೆಟ್ ಕೆಲಸದ ನಾಗೇಶಣ್ಣ ಬಂದಿದ್ದ. ಎಂಟನೇ ಕ್ಲಾಸಿನ ಹುಡುಗರು ಲ್ಯಾಬಿನಲ್ಲಿ ಗೇಮ್ ಆಡಿ ಆಡಿ ಸಿಕ್ಕಿಬಿದ್ದ ಮೇಲೆ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವ ಹಾಗೆ, ಶಾಲೆಯವರು ಫೈರ್‌ವಾಲ್ ಹಾಕಿಸಿದರು. ಟಿಫಿನ್ ಬಾಕ್ಸಿನಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಸರ್ ಯಾವುದೋ ಕೆಲಸಕ್ಕೆ ಹೊರಗೆ ಹೋಗಿದ್ದರು. ನಾಗೇಶಣ್ಣ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹೇಮಶ್ರೀಯನ್ನು ಕರೆದ.

"ಇದು ಕಾವಲುಗಾರ ಇದ್ದಂಗೆ ಕಣಮ್ಮ. ಇಂಟರ್‌ನೆಟ್ಟಿಗೆ ಸಾವಿರಾರು ಬಾಗಿಲು. ಒಂದೊಂದಕ್ಕೂ ಒಂದು ನಂಬರ್. ನಾವು ಹೇಳಿದ ನಂಬರ್ ಬಾಗಿಲು ಮಾತ್ರ ಇದು ತೆಗೀತದೆ, ಮಿಕ್ಕಿದ್ದೆಲ್ಲಾ ಬಂದ್. ಆ ಚೀಟೀಲಿರೋ ನಂಬರೆಲ್ಲಾ ಓದು, ನಾನು ಹಾಕ್ಕೊಂತೀನಿ."

ಚೀಟಿ ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿತ್ತು. ಹೇಮಶ್ರೀ ಠೀವಿಯಿಂದ ಓದಿದಳು. ವೆಬ್‌ಸೈಟಿಗೆ ಫೋರ್ ಫೋರ್ ತ್ರೀ. ಒಳಗೆ ಬರೋ ಮೇಲ್‌ಗೆ ನೈನ್ ನೈನ್ ತ್ರೀ. ಕೊನೆಯ ಸಾಲಿಗೆ ಬರುವ ಮೊದಲು ಕಿಟಕಿಯಾಚೆ ಕಣ್ಣು ಹೋಯಿತು. ಅಲ್ಲಿ ಸರ್ ಬೃಂದಾಳ ಕೈಗೆ ಕೀ ಕೊಡುತ್ತಿದ್ದರು.

"ಇಷ್ಟೇನಾ?" ಅಂದ ನಾಗೇಶಣ್ಣ.

"ಇಷ್ಟೇ," ಅಂದು ಹೇಮಶ್ರೀ ಹೊರಗೆ ಓಡಿದ್ದಳು. ಕಣ್ಣು ಮಂಜಾಗಿತ್ತು.

ಆಮೇಲೆ ವಿಮಲಮ್ಮ ಹೊಸ ಪೆಟ್ಟಿಗೆಗೆ ಮೂರು ಬೆರಳು ವಿಭೂತಿ ಎಳೆದು, ಹೂವಿಟ್ಟು, ಊದಿನಕಡ್ಡಿ ಬೆಳಗಿದರು. ಪೂಜೆ ಆದ ಪೆಟ್ಟಿಗೆಯ ಮೇಲೆ ಅನುಮಾನ ಪಡುವವರು ಯಾರು? ಬೃಂದಾ ಒಮ್ಮೆ, "ಆ ಪೆಟ್ಟಿಗೇಲೇನಾದ್ರೂ" ಅಂತ ಶುರು ಮಾಡಿದಾಗ, "ಪೂಜೆ ಆಗೈತೆ ಕಣೇ, ಅದ್ರ ತಂಟೆಗೆ ಹೋಗ್ಬೇಡ," ಅಂತ ವಿಮಲಮ್ಮ ಬಾಯಿ ಮುಚ್ಚಿಸಿದ್ದರು.

ಈಗ ಗೋಡೆಯ ಚೀಟಿಯ ಕೊನೆಯ ಸಾಲು ಹೇಮಶ್ರೀಗೆ ಹಿಂದಿನ ಬೆಂಚಿನಿಂದಲೂ ಕಾಣುತ್ತಿತ್ತು. ಹೊರಗೆ ಹೋಗೋ ಮೇಲ್, ಫೈವ್ ಎಯ್ಟ್ ಸೆವೆನ್. ಅದನ್ನು ಅವಳು ಓದಿರಲೇ ಇಲ್ಲ.

"ಹೇಮಾ, ನಿಂಗೇನಾದ್ರೂ ಗೊತ್ತಾಗ್ತದಾ?" ಅಂತ ಸರ್ ಅವಳತ್ತ ತಿರುಗಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಹೇಮಶ್ರೀ ಬೆಚ್ಚಿದಳು. ಹೇಳಿಬಿಡಬಹುದಿತ್ತು. ಒಂದು ಮಾತು ಅಷ್ಟೇ. ಆದರೆ ಬೃಂದಾಳ ಕುತ್ತಿಗೆಯಲ್ಲಿ ಕೆಂಪು ದಾರಕ್ಕೆ ಕಟ್ಟಿದ ಆ ಕೀ ನೇತಾಡುತ್ತಿತ್ತು.

"ಇಲ್ಲ ಸರ್," ಅಂದಳು.

ಮಾರನೇ ದಿನ ಶನಿವಾರ. ಮಧ್ಯಾಹ್ನ ಹನ್ನೆರಡಕ್ಕೆ ಮೇಳದವರ ಗಡುವು. ಶಾಲೆಯ ಹೆಸರಿನ ವಿಳಾಸದಿಂದ ಬಂದ ಮೇಲ್ ಮಾತ್ರ ತಗೋತೀವಿ ಅಂದಿದ್ದರು. ಆ ವಿಳಾಸ ಇದ್ದದ್ದು ಅದೊಂದೇ ಕಂಪ್ಯೂಟರಿನಲ್ಲಿ. ಪಾಸ್‌ವರ್ಡ್ ಗೊತ್ತಿದ್ದ ಹಳೇ ಮೇಷ್ಟ್ರು ರಿಟೈರ್ ಆಗಿ ಹೋಗಿದ್ದರು. ಬೃಂದಾ ಬೆಳಗ್ಗೆ ಏಳಕ್ಕೇ ಬಂದು ಕೂತಿದ್ದಳು. ಹತ್ತೂವರೆಯಾದರೂ ಕೆಂಪು ಅಕ್ಷರ ಹೋಗಲಿಲ್ಲ.

ಸರ್ ಗಡಿಯಾರ ನೋಡಿದರು. ಅವರ ಮುಖ ಸಪ್ಪಗಾಗಿತ್ತು.

"ಸಾಕು ಬಿಡಮ್ಮ. ಮುಂದಿನ ವರ್ಷ ನೋಡೋಣ. ಕೀ ಕೊಡು. ಹೇಮಾ, ನೀನೇ ಇಟ್ಕೊ. ಆ ಅಪ್‌ಡೇಟ್‌ನ ವಾಪಸ್ ತೆಗೆಯೋಕಾಗ್ತದಾ ನೋಡು."

ಬೃಂದಾ ದಾರವನ್ನು ತಲೆಯ ಮೇಲಿಂದ ತೆಗೆದು ಹೇಮಶ್ರೀಗೆ ಕೊಟ್ಟಳು. ಅಳಲಿಲ್ಲ. "ನೋಟ್‌ಬುಕ್ ಕೀಬೋರ್ಡ್ ಕೆಳಗೈತೆ. ಏನೇನು ಮಾಡಿದೀನಿ ಅಂತ ಬರ್ದಿದೀನಿ," ಅಂದು ಕ್ಲಾಸಿಗೆ ಹೋದಳು. ಅವಳು ಕೂರುವ ಬೆಂಚಿನಿಂದ ಇಬ್ಬರು ಹುಡುಗಿಯರು ಎದ್ದು ಬೇರೆ ಕಡೆ ಕೂತದ್ದು ಬಾಗಿಲಿನಿಂದಲೇ ಕಂಡಿತು.

ಕೀ ಕೈಗೆ ಬಂತು. ಹೊಟ್ಟೆಗೆ ಹಾಲು ಹೊಯ್ದ ಹಾಗಾಗಬೇಕಿತ್ತು. ಆಗಲಿಲ್ಲ.

ಹೇಮಶ್ರೀ ಒಬ್ಬಳೇ ಲ್ಯಾಬಿನಲ್ಲಿ ಕೂತು ನೋಟ್‌ಬುಕ್ ತೆರೆದಳು. ಹೋದ ವರ್ಷ ಯಾವ ಮಷೀನಿಗೆ ಏನಾಗಿತ್ತು, ಹೇಗೆ ಸರಿಹೋಯಿತು ಅಂತ ಅವಳೇ ಬರೆದಿಟ್ಟಿದ್ದಳು. ಆ ಸಾಲುಗಳ ಕೆಳಗೆಲ್ಲ ಈಗ ಪೆನ್ಸಿಲಿನ ಗೆರೆ ಇತ್ತು. ಬೃಂದಾ ಒಂದಕ್ಷರ ಬಿಡದೆ ಓದಿದ್ದಳು. ‘ಒಂದೊಂದಾಗಿ ನೋಡಬೇಕು, ಎಲ್ಲ ಒಟ್ಟಿಗೆ ಬದಲಾಯಿಸಬಾರದು’ ಅಂತ ಹೇಮಶ್ರೀ ಬರೆದಿದ್ದ ಕಡೆ ಎರಡು ಗೆರೆ.

ಕೊನೆಯ ಪುಟದಲ್ಲಿ ಬೃಂದಾಳ ಅಕ್ಷರ. ಕೇಬಲ್ ಬದಲಾಯಿಸಿದೆ, ಹೋಗಲಿಲ್ಲ. ಆಫ್ ಮಾಡಿ ಆನ್ ಮಾಡಿದೆ, ಹೋಗಲಿಲ್ಲ. ವರದಿಯಲ್ಲಿದ್ದ ಫೋಟೋಗಳನ್ನು ಬಿಟ್ಟು ಬರೀ ಅಕ್ಷರ ಕಳಿಸಿದೆ, ಹೋಗಲಿಲ್ಲ. ಹೀಗೆ ಹದಿನಾಲ್ಕು ಸಾಲು. ಆಮೇಲೆ, ‘ನನ್ನಿಂದಲೇ ಏನೋ ಆಗಿರಬೇಕು. ಏನು ಅಂತ ಗೊತ್ತಾಗುತ್ತಿಲ್ಲ.’

ಹೇಮಶ್ರೀ ಅದನ್ನು ಎರಡು ಸಲ ಓದಿದಳು. ಅವಳಿಗೆ ನಾಚಿಕೆಯಾಯಿತು. ಕಿವಿ ಬಿಸಿಯಾಗುವಷ್ಟು ನಾಚಿಕೆ. ಎದ್ದು ಸ್ಟಾಫ್ ರೂಮಿಗೆ ಓಡಿದಳು.

"ಸರ್, ಕೆಟ್ಟಿದ್ದು ಬೃಂದಾಳಿಂದ ಅಲ್ಲ. ನನ್ನಿಂದ."

ಒಂದೇ ಉಸಿರಿಗೆ ಎಲ್ಲ ಹೇಳಿದಳು. ಚೀಟಿ, ನಾಗೇಶಣ್ಣ, ಬಿಟ್ಟುಹೋದ ನಂಬರ್. ಸರ್ ಟೀ ಲೋಟ ಕೆಳಗಿಟ್ಟರು.

"ನಿಂಗಿದು ಯಾವಾಗ ಗೊತ್ತಾಯ್ತು?"

"ನಿನ್ನೆ ಸರ್."

"ನಿನ್ನೇನೇ," ಅಂದರು ಸರ್. ಅಷ್ಟೇ ಅಂದರು. ಎರಡೇಟು ಹೊಡೆದಿದ್ದರೂ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಸರ್ ಕೀ ತಗೊಂಡು ಜೇಬಿಗೆ ಹಾಕಿಕೊಂಡರು. ಬೃಂದಾಳಿಗೆ ಹೇಳಿಕಳಿಸಿದರು. ನಾಗೇಶಣ್ಣನಿಗೆ ಫೋನ್ ಹಚ್ಚಿ ಹೇಮಶ್ರೀಯ ಕೈಗೆ ಕೊಟ್ಟರು. "ನೀನೇ ಮಾತಾಡು. ಎಲ್ಲಿ ತಪ್ಪಿತು ಅಂತ ನಿಂಗೇ ಗೊತ್ತಿರೋದು."

ನಾಗೇಶಣ್ಣ ತರೀಕೆರೆಯಲ್ಲಿ ಯಾವುದೋ ಕಂಬದ ಮೇಲಿದ್ದ. ಗಾಳಿಯ ಸದ್ದು ಕೇಳುತ್ತಿತ್ತು.

"ಇಳಿದು ಬರೋಷ್ಟರಲ್ಲಿ ನಿಮ್ಮ ಹನ್ನೆರಡು ಗಂಟೆ ಆಗೋಯ್ತದೆ. ನಾ ಹೇಳ್ದಂಗೆ ಮಾಡ್ರಿ. ಮೊದ್ಲು ಕಂಪ್ಯೂಟರಲ್ಲಿ ಆ ಪೆಟ್ಟಿಗೆ ಸೆಟ್ಟಿಂಗ್ ಪೇಜ್ ಓಪನ್ ಮಾಡ್ರಿ."

ಲ್ಯಾಬಿನೊಳಗೆ ಸಿಗ್ನಲ್ ಸಿಗುವುದಿಲ್ಲ. ಹೇಮಶ್ರೀ ಜಗುಲಿಯಲ್ಲಿ ನಿಂತು ನಾಗೇಶಣ್ಣ ಹೇಳಿದ್ದನ್ನೆಲ್ಲ ಬಾಗಿಲಿನಿಂದ ಒಳಗೆ ಕೂಗಿದಳು. ಒಳಗೆ ಬೃಂದಾ ಟೈಪ್ ಮಾಡಿದಳು. ವಿಷಯ ಅವಳಿಗೂ ಗೊತ್ತಾಗಿತ್ತು. ಒಮ್ಮೆಯೂ ಹೇಮಶ್ರೀಯ ಕಡೆ ತಿರುಗಲಿಲ್ಲ.

"ರೂಲ್ಸ್ ಅಂತೈತಾ?"

"ರೂಲ್ಸ್ ಅಂತೈತಾ?" ಅಂತ ಕೂಗಿದಳು ಹೇಮಶ್ರೀ.

"ಇದೆ," ಅಂದಳು ಬೃಂದಾ, ಪರದೆಗೆ.

"ಹೊಸದು ಒಂದು ಸೇರಿಸ್ಬೇಕು. ನಂಬರ್ ಹೇಳು."

"ಫೈವ್ ಎಯ್ಟ್ ಸೆವೆನ್," ಅಂದಳು ಹೇಮಶ್ರೀ. ಈ ಸಲ ಬಾಗಿಲಿನಿಂದ ಇಣುಕಿ ಗೋಡೆಯ ಚೀಟಿ ನೋಡಿ, ಒಂದೊಂದೇ ಅಂಕಿ ಬಿಡಿಸಿ ಹೇಳಿದಳು.

ಬೃಂದಾ ಸೇವ್ ಒತ್ತಿದಳು. ಮೇಲ್ ತೆರೆದಳು. ಹನ್ನೊಂದು ನಲವತ್ತೆಂಟು. ಗುಂಡಗಿನ ಗೆರೆ ತಿರುಗಿತು, ನಿಂತಿತು. ಕೆಂಪು ಅಕ್ಷರ ಬರಲಿಲ್ಲ. ವರದಿ ಹೋಗಿತ್ತು.

ಸರ್ ದೊಡ್ಡದಾಗಿ ಉಸಿರು ಬಿಟ್ಟರು. ಬಾಗಿಲಲ್ಲಿ ಇಣುಕುತ್ತಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು. ಹಿಂದೆ ನಿಂತಿದ್ದ ವಿಮಲಮ್ಮ, "ಅದೇನೋ ಕೈಗುಣ ಅಂತಿದ್ದೆ ನಾನು," ಅಂತ ಗೊಣಗಿದರು.

"ಕೈ ಅಲ್ಲ ವಿಮಲಮ್ಮ, ನನ್ನ ಬಾಯಿ," ಅಂದಳು ಹೇಮಶ್ರೀ. "ನಂಬರ್ ಓದೋದು ಬಿಟ್ಟಿದ್ದು ನಾನು. ಗೊತ್ತಾದ್ಮೇಲೂ ಸುಮ್ನಿದ್ದೋಳು ನಾನೇ." ಮಹೇಂದ್ರನಿಗೂ ಕೇಳಲಿ ಅಂತ ಜೋರಾಗಿಯೇ ಹೇಳಿದಳು. ಮಹೇಂದ್ರ ಬಾಯಿ ಬಿಟ್ಟುಕೊಂಡು ನೋಡಿದ.

ಮಕ್ಕಳೆಲ್ಲ ಬೃಂದಾಳನ್ನು ಸುತ್ತಿಕೊಂಡರು. ದೂರದಿಂದ ನೋಡುತ್ತಿದ್ದ ಹೇಮಶ್ರೀಗೆ ಮತ್ತೆ ಹೊಟ್ಟೆಕಿಚ್ಚಾಯಿತು. ಅದು ಅಷ್ಟು ಸುಲಭಕ್ಕೆ ಬಿಟ್ಟುಹೋಗುವ ಗಿರಾಕಿಯಲ್ಲ. ಅವಳು ಬ್ಯಾಗು ಹೆಗಲಿಗೇರಿಸಿ ಗೇಟಿನ ಕಡೆ ನಡೆದಳು.

ಹಿಂದಿನಿಂದ ಬೃಂದಾ ಬಂದಳು. ಅವಳ ಮನೆ ರೈಲ್ವೆ ಸ್ಟೇಷನ್ ಕಡೆ, ಹೇಮಶ್ರೀಯದು ಸಂತೆ ಮೈದಾನದ ಕಡೆ. ಗೇಟಿನವರೆಗೆ ಇಬ್ಬರೂ ಜೊತೆಗೇ ನಡೆದರು.

"ಯಾಕೆ ಹೇಳ್ಲಿಲ್ಲ ನಿನ್ನೆ?" ಅಂದಳು ಬೃಂದಾ.

ಹೇಮಶ್ರೀ ಏನಾದರೂ ನೆಪ ಹುಡುಕಬಹುದಿತ್ತು. ಹುಡುಕಲಿಲ್ಲ. "ಹೊಟ್ಟೆ ಉರೀತಿತ್ತು ಕಣೇ. ಕೀ ನಿಂಗೆ ಕೊಟ್ರಲ್ಲ, ಅದಕ್ಕೆ."

"ಎರಡು ದಿನ ಯಾರೂ ನನ್ನ ಪಕ್ಕ ಕೂತಿಲ್ಲ."

"ಗೊತ್ತು. ನಾನು ನೋಡ್ತಾ ಇದ್ದೆ."

ಬೃಂದಾ ಸ್ಟೇಷನ್ ರಸ್ತೆಗೆ ತಿರುಗಿದಳು. ಇಪ್ಪತ್ತು ಹೆಜ್ಜೆ ಹೋದವಳು ನಿಂತಳು.

"ಸೋಮವಾರ ಬೇಗ ಬಾ. ಆ ಬಾಗಿಲುಗಳ ವಿಷ್ಯ ನಂಗೆ ಸರಿಯಾಗಿ ಗೊತ್ತಿಲ್ಲ, ಹೇಳ್ಕೊಡು. ನೋಟ್‌ಬುಕ್ಕಲ್ಲಿ ಬರೀಬೇಕು," ಅಂದಳು. ಆಮೇಲೆ, "ಕೋಪ ಇನ್ನೂ ಹೋಗಿಲ್ಲ ನಂಗೆ. ಆದ್ರೂ ಬಾ," ಅಂದಳು.

"ಬತ್ತೀನಿ," ಅಂದಳು ಹೇಮಶ್ರೀ.

ಬೃಂದಾ ತಿರುಗಿ ನೋಡದೆ ಹೋದಳು. ಹೇಮಶ್ರೀ ಗೇಟಿನ ಹತ್ತಿರ ಹಾಗೇ ನಿಂತಿದ್ದಳು. ಬೃಂದಾಳ ಜಾಗದಲ್ಲಿ ತಾನಿದ್ದಿದ್ದರೆ ‘ಬಾ’ ಅನ್ನುತ್ತಿದ್ದೆನಾ ಎಂದು ಕೇಳಿಕೊಂಡಳು. ಅನ್ನುತ್ತಿರಲಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.